ಹೊಸ್ತಿಲು ದಾಟುವ ಎತ್ತರ

ಹೊಸ್ತಿಲು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಗದಗಿನ ಮುಳಗುಂದ ನಾಕಾದ ಹತ್ತಿರ ಒಂದು ಹಳೆಯ ಖಾನಾವಳಿ. ಅದರ ಅಡುಗೆಮನೆಗೂ ಊಟದ ಪಡಸಾಲೆಗೂ ನಡುವೆ ತೇಗದ ಹೊಸ್ತಿಲು. ನಾಲ್ಕು ಬೆರಳು ಎತ್ತರದ್ದು, ತಲೆಮಾರುಗಳ ಅರಿಶಿನ ಕುಡಿದು ಬಣ್ಣವೇ ಬದಲಾಗಿತ್ತು. ಅದರ ಮೇಲೆ ಈಗ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪಟ್ಟಿ ಅಂಟಿಕೊಂಡಿತ್ತು. ೨೦೬೧ರ ಶ್ರಾವಣದ ಆ ಬೆಳಿಗ್ಗೆ ಅದನ್ನು ದಾಟಿ ನೀರಿನ ಕೊಡ ಒಳಗೆ ಹೋಯಿತು, ಜೋಳದ ಹಿಟ್ಟಿನ ಡಬ್ಬಿ ಹೋಯಿತು, ಮೊದಲ ರೊಟ್ಟಿಯ ಬುಟ್ಟಿ ಹೊರಗೆ ಬಂತು. ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಡಾಕ್ಟರ್ ಪ್ರಣತಿ ಅಂಗೈಯಗಲದ ಪರದೆಯನ್ನು ನೋಡುತ್ತಿದ್ದಳು. ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ನಲವತ್ತು ದಿನವಾಗಿತ್ತು. ಜನ ಹೊಸ್ತಿಲು ದಾಟಿದ್ದು ಹನ್ನೆರಡು ಸಾವಿರಕ್ಕೂ ಹೆಚ್ಚು ಸಲ. ಪಟ್ಟಿಯ ಮೇಲೆ ಬಿದ್ದ ಹೆಜ್ಜೆಗಳು ಮಾತ್ರ ನಾಲ್ಕು.

ಧಾರವಾಡದ ಒಂದು ದೇಹಮಾಪನ ಪ್ರಯೋಗಾಲಯದಲ್ಲಿ ಪ್ರಣತಿ ಆರು ವರ್ಷ ಕೂತು ಮಾಡಿದ ಪಟ್ಟಿ ಅದು. ಅದರೊಳಗೆ ಸಾಸಿವೆಗಿಂತ ಸಣ್ಣ ಹರಳುಗಳಿದ್ದವು. ಒತ್ತಿದರೆ ಸಾಕು, ಅವುಗಳಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಒಬ್ಬ ಮನುಷ್ಯ ಅದರ ಮೇಲೆ ಕಾಲಿಟ್ಟು ಮುಂದೆ ಹೋದರೆ ಅವನ ಹಿಮ್ಮಡಿ ಎಷ್ಟು ಗಟ್ಟಿಯಾಗಿ ಊರಿತು, ಹೆಬ್ಬೆರಳು ಎಷ್ಟು ಜೋರಾಗಿ ನೆಲವನ್ನು ತಳ್ಳಿತು ಎನ್ನುವುದೆಲ್ಲ ತಿಳಿಯಬೇಕು. ಮೈಯಲ್ಲಿ ಎಷ್ಟು ಭಾರವಿದೆ ಎಂದಲ್ಲ, ಎಷ್ಟು ಕಸುವಿದೆ ಎಂದು ಹೇಳಬೇಕು. ಡಾಕ್ಟರ ಎದುರಿಗೆ ಎಲ್ಲರೂ ಎದೆಯುಬ್ಬಿಸಿ ನಡೆಯುತ್ತಾರೆ. ಅದಕ್ಕೇ ಯಾರಿಗೂ ನೆನಪಿಗೆ ಬಾರದ ಜಾಗದಲ್ಲಿ, ದಿನಾ ಎಲ್ಲರೂ ಹಾದು ಹೋಗಲೇಬೇಕಾದ ಜಾಗದಲ್ಲಿ ಅದನ್ನು ಇಡಬೇಕು ಎಂದು ಅವಳು ಹೊಸ್ತಿಲನ್ನು ಆರಿಸಿಕೊಂಡಿದ್ದಳು. ಧಾರವಾಡದಲ್ಲಿ ಒಂದು ಹಲಗೆ ಇಟ್ಟು ವಿದ್ಯಾರ್ಥಿಗಳಿಗೆ ತುಳಿಯಿರಿ ಎಂದಾಗ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವ್ವ ಬಂದಳು. ಅವಳ ಹೆಸರು ಐಶ್ವರ್ಯಾ. ನಕ್ಕರೆ ನಗಿ, ಅಜ್ಜಿಯರಿಗೆಲ್ಲ ಐಶ್ವರ್ಯಾ, ಪೂಜಾ, ಸ್ನೇಹಾ ಎಂದು ಹೆಸರಿದ್ದ ಕಾಲ ಅದು. ಗಿರಾಕಿಗಳ ಬಾಯಲ್ಲಿ ಅವಳು ಐಶಕ್ಕ. ಅರವತ್ತು ವರ್ಷ, ತೊಂಬತ್ತೊಂದು ಕಿಲೋ.

“ಏನಾತವಾ? ಮುಖ ಯಾಕ ಹಿಂಗ ಮಾಡಿ?”

“ಕೆಟ್ಟೈತಿ ಅನಸ್ತೈತಬೇ. ಹನ್ನೆರಡು ಸಾವಿರ ಸಲ ದಾಟ್ಯಾರ. ಬರೇ ನಾಕ ಸಲ ತುಳದಾರ ಅಂತ ತೋರಸಾಕತ್ತೈತಿ.”

“ನಾಕ ಸಲ ತುಳದಾರ?” ಅವ್ವನ ಕಣ್ಣು ಅಗಲವಾದವು. “ಯಾರವರು ತಿಳಿಗೇಡಿಗಳು?”

“ಅಂದ್ರ?”

“ಅಂದ್ರೇನು, ಹೊಸ್ತಿಲಾ ಯಾರರ ತುಳೀತಾರೇನ? ನೀ ಅಂಬೆಗಾಲು ಬಿಟ್ಟು ನಡಿಯಾಕ ಹತ್ತಿದಾಗ ನಾ ಕಲಿಸಿದ ಮೊದಲನೇ ಮಾತ ಅದ. ದಾಟಬೇಕು, ತುಳೀಬಾರದು. ದಿನಾ ಮುಂಜಾನೆ ತೊಳದು ಅರಿಶಿನ ಹಚ್ಚಿ ಕುಂಕುಮ ಇಡ್ತೀನಿ, ಅದರ ಮ್ಯಾಲ ಕಾಲಿಡ್ರಿ ಅಂತ ಯಂತ್ರಾ ಮಾಡೀಯಲ್ಲ! ಏನ ಓದಿದಿ ನೀ?”

ಪ್ರಣತಿ ಪರದೆಯನ್ನು ಪಕ್ಕಕ್ಕಿಟ್ಟಳು. ತನ್ನ ಕಾಲನ್ನೇ ನೋಡಿಕೊಂಡಳು. ಆ ಬೆಳಿಗ್ಗೆಯಿಂದ ಅವಳೇ ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಓಡಾಡಿದ್ದಳು. ಒಂದು ಸಲವೂ ತುಳಿದಿರಲಿಲ್ಲ. ಎರಡು ಪದವಿ, ಒಂದು ಚಿನ್ನದ ಪದಕ, ಆರು ವರ್ಷದ ಸಂಶೋಧನೆ ಎಲ್ಲ ತಲೆಯಲ್ಲಿತ್ತು. ಮನೆಯ ನಡತೆ ಮಾತ್ರ ಕಾಲಿನಲ್ಲೇ ಉಳಿದು ತಲೆಗೆ ಏರಿರಲಿಲ್ಲ. ಹೊಸ್ತಿಲೇ ಇಲ್ಲದ ಹಾಸ್ಟೆಲುಗಳಲ್ಲಿ, ಬಾಗಿಲಿಂದ ಬಾಗಿಲಿಗೆ ಒಂದೇ ಸಮ ನೆಲವಿರುವ ಫ್ಲಾಟುಗಳಲ್ಲಿ ಹನ್ನೆರಡು ವರ್ಷ ಕಳೆದವಳು. ಮರೆತದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಅವ್ವನ ಎದುರಿಗೆ ಅವಳ ಕಿವಿ ಕೆಂಪಾದವು.

ನಗುವುದಕ್ಕೆ ಪುರುಸೊತ್ತು ಇರಲಿಲ್ಲ. ಗಣೇಶನ ಹಬ್ಬಕ್ಕೆ ಇನ್ನು ಇಪ್ಪತ್ತೇ ದಿನ. ಅಷ್ಟರೊಳಗೆ ಪಟ್ಟಿ ಮಾತಾಡದಿದ್ದರೆ ಅವ್ವ ಒಲೆಯ ಮುಂದಿನಿಂದ ಏಳಬೇಕಾಗಿತ್ತು.

ಅದಕ್ಕೆ ಕಾರಣ ಇಳಿಕೆ ಸೂಜಿ. ಹದಿನೈದು ವರ್ಷಗಳ ಹಿಂದೆ ಅದು ಬಂದಾಗ ಜಗತ್ತೇ ಹಬ್ಬ ಮಾಡಿತ್ತು. ತಿಂಗಳಿಗೊಮ್ಮೆ ತೋಳಿಗೆ ಚುಚ್ಚಿಸಿಕೊಂಡರೆ ಹಸಿವೆಯೇ ಕುಗ್ಗಿ ಹೋಗುತ್ತಿತ್ತು, ಮೈ ತಾನಾಗಿ ಕರಗುತ್ತಿತ್ತು. ಅಗ್ಗವಾದ ಮೇಲಂತೂ ಬಸ್ ನಿಲ್ದಾಣದಲ್ಲೂ ಸಿಗತೊಡಗಿತು. ಜೊತೆಗೇ ಅಂಗಡಿ, ಆಫೀಸು, ಶಾಲೆಗಳ ಬಾಗಿಲಲ್ಲಿ ತೂಕದ ಕಲ್ಲುಗಳು ಬಂದವು. ನಿಂತರೆ ಎತ್ತರವನ್ನೂ ತೂಕವನ್ನೂ ತಾಳೆ ಹಾಕಿ ಹಸಿರೋ ಕೆಂಪೋ ದೀಪ ಹತ್ತುತ್ತಿತ್ತು. ಹತ್ತರಲ್ಲಿ ಒಂಬತ್ತು ಮಂದಿಗೆ ಹಸಿರು ಬಂದಾಗ, ಊರೇ ಆರೋಗ್ಯವಾಗಿದೆ ಎಂದು ಎಲ್ಲರೂ ನಂಬಿದರು. ಕೆಂಪು ದೀಪದವರನ್ನು ಮೈಗಳ್ಳರು ಎಂದರು. ಸೂಜಿ ಇದೆಯಲ್ಲ, ತೆಗೆದುಕೊಳ್ಳಲು ಏನು ಧಾಡಿ?

ಐಶಕ್ಕನೂ ತೆಗೆದುಕೊಂಡಿದ್ದಳು, ಎರಡು ತಿಂಗಳು. ಎಂಟು ಕಿಲೋ ಇಳಿದಳು. ಮೂರನೆಯ ತಿಂಗಳ ಮೊದಲ ದಿನ ರೊಟ್ಟಿ ಬಡಿಯಲು ಕೂತರೆ ಹಿಟ್ಟು ಅವಳ ಮಾತು ಕೇಳಲಿಲ್ಲ. ಎಸರು ಹಾಕಿ ನಾದಿದ ಜೋಳದ ಹಿಟ್ಟಿಗೆ ತೋಳಿನ ಬಲ ಬೇಕು. ಬಲ ಕಡಿಮೆಯಾದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಅವತ್ತು ಮೂವತ್ತು ರೊಟ್ಟಿ ಬಿರಿದವು. “ಈ ಸೂಜಿ ಕೊಬ್ಬನ್ನ ಅಷ್ಟ ತಿನ್ನೂದಿಲ್ಲವಾ, ನನ್ನ ರಟ್ಟಿನೂ ತಿನ್ನಾಕತ್ತೈತಿ” ಎಂದು ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಜೂನಿನಲ್ಲಿ, ಕೆಲಸಗಾರರ ಆರೋಗ್ಯ ನೋಡುವ ಕಾರ್ಯಾರೋಗ್ಯ ಮಂಡಳಿಯಿಂದ ಕಾಗದ ಬಂತು. ಬೆಂಕಿಯ ಮುಂದೆ ಮಾಡುವ ಕೆಲಸಕ್ಕೆ ಕೋಷ್ಟಕ ಮೀರಿದ ತೂಕದವರು ಅನರ್ಹರು, ತೂಕ ಇಳಿಸಲು ಮೂರು ತಿಂಗಳ ಗಡುವು, ಗಣೇಶನ ಹಬ್ಬದ ಮುನ್ನಾದಿನ ತಪಾಸಣೆ. ಅದನ್ನು ಓದಿದ ದಿನ ಐಶಕ್ಕ ರೊಟ್ಟಿಯ ಹಂಚು ಆರಿದ ಮೇಲೂ ಅದರ ಮುಂದಿನಿಂದ ಏಳಲಿಲ್ಲ. ಮೂವತ್ತೈದು ವರ್ಷ ಅವಳು ಆ ಹಂಚಿನ ಮುಂದೆ ಕೂತಿದ್ದಳು, ಎದ್ದಿದ್ದಳು, ಅತ್ತಿದ್ದಳು, ಮಗಳಿಗೆ ಮಗ್ಗಿ ಹೇಳಿಕೊಟ್ಟಿದ್ದಳು. ಅಲ್ಲಿಂದ ಎಬ್ಬಿಸಿದರೆ ತಾನು ಯಾರು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ತೂಕದ ಕಲ್ಲಿಗೆ ಕಾಣದ ಅವ್ವನ ಕಸುವನ್ನು ಮಂಡಳಿಗೆ ತೋರಿಸಲೆಂದೇ ಪ್ರಣತಿ ಪಟ್ಟಿಯನ್ನು ತಂದು ಈ ಹೊಸ್ತಿಲಿಗೆ ಅಂಟಿಸಿದ್ದಳು.

ಅಪ್ಪ ಮಹಾಂತೇಶನ ಕತೆ ಬೇರೆ. ಪಡಸಾಲೆಯಲ್ಲಿ ಬಡಿಸುವವನು ಅವನೇ. ಐದು ವರ್ಷದಿಂದ ಒಂದು ತಿಂಗಳೂ ತಪ್ಪಿಸದೆ ಸೂಜಿ ತೆಗೆದುಕೊಂಡು ಬಳ್ಳಿಯ ಹಾಗಾಗಿದ್ದ. ದಿನಾ ಬೆಳಿಗ್ಗೆ ಖಾನಾವಳಿಯ ಬಾಗಿಲಿನ ತೂಕದ ಕಲ್ಲಿನ ಮೇಲೆ ನಿಂತು ಹಸಿರು ದೀಪ ಹತ್ತಿಸದೆ ಒಳಗೆ ಬರುತ್ತಿರಲಿಲ್ಲ.

“ನೋಡವಾ ಪ್ರಣತಿ, ಐವತ್ತೆಂಟು! ಮದಿವಿ ದಿನಾನೂ ನಾ ಇಷ್ಟ ಇದ್ದೆ. ನಿಮ್ಮವ್ವಂದು ಕೇಳಬ್ಯಾಡ, ಅಕಿ ತೂಕದಾಗ ನನ್ನಂಥವರು ಒಂದೂವರಿ ಮಂದಿ ಬರ್ತಾರ.”

“ಹೌದ್ರಿ, ಗಾಳಿ ಬಿಟ್ರ ಹಿಡಕೊಳ್ಳಾಕ ನಾನ ಬೇಕು” ಎಂದು ಒಳಗಿಂದ ಉತ್ತರ ಬರುತ್ತಿತ್ತು.

ಪಟ್ಟಿ ದಂಡವಾಯಿತು ಎಂದುಕೊಂಡ ಪ್ರಣತಿ ಆವತ್ತು ಮಧ್ಯಾಹ್ನ ಖಾಲಿ ದಾಖಲೆಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕೆಂದು ಕೂತಳು. ಆ ಖಾಲಿ ದಾಖಲೆಗಳು ಎಲ್ಲಿಂದ ಬಂದವು ಎಂದರೆ, ಪಟ್ಟಿ ಯಾವಾಗಲೂ ಎಚ್ಚರವಾಗಿದ್ದರೆ ಅದರ ಬ್ಯಾಟರಿ ಬೇಗ ಸತ್ತು ಹೋಗುತ್ತದೆ. ಅದಕ್ಕೆ ಅವಳು ಒಂದು ಕಾವಲು ಇಟ್ಟಿದ್ದಳು: ಪಟ್ಟಿಯ ಎರಡು ತುದಿಯಿಂದ ಹೊರಡುವ ಬಲು ಸಣ್ಣ ರೇಡಿಯೋ ಅಲೆ. ಕಾಲು ಹತ್ತಿರ ಬಂದಾಗ ಅಲೆ ಅದಕ್ಕೆ ಬಡಿದು ವಾಪಸು ಬರುತ್ತದೆ. ಬಂದೊಡನೆ ಪಟ್ಟಿ ಎಚ್ಚರಗೊಳ್ಳುತ್ತದೆ. ಎಚ್ಚರಿಸುವುದಷ್ಟೇ ಅದರ ಕೆಲಸ. ಆದರೆ ಕಾವಲುಗಾರ ಪ್ರಾಮಾಣಿಕ. ಹನ್ನೆರಡು ಸಾವಿರ ಸಲವೂ ಕಾಲು ಎಷ್ಟು ಎತ್ತರದಲ್ಲಿ, ಎಷ್ಟು ವೇಗವಾಗಿ, ನಡುಗುತ್ತಲೋ ನೆಟ್ಟಗೋ ದಾಟಿತು ಎಂದು ಬರೆದಿಟ್ಟಿತ್ತು. ಆಮೇಲೆ ತುಳಿತ ಬೀಳದ್ದರಿಂದ ಮುಂದೆ ‘ಖಾಲಿ’ ಎಂದು ಸೇರಿಸಿತ್ತು.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಹಾಗೆಯೇ ಕೂತುಬಿಟ್ಟಳು.

ಹೊಸ್ತಿಲು ದಾಟುವುದೆಂದರೆ ಏನು? ಒಂದು ಕ್ಷಣ ಮನುಷ್ಯ ಒಂಟಿಕಾಲಿನ ಮೇಲೆ ಇರುತ್ತಾನೆ. ಆ ಒಂದು ಕಾಲು ಇಡೀ ಮೈಯನ್ನು ಹೊರಬೇಕು. ಇನ್ನೊಂದನ್ನು ತೊಡೆಯೂ ಸೊಂಟವೂ ಸೇರಿ ಎತ್ತಬೇಕು. ಕಣ್ಣು ಎತ್ತರ ಅಂದಾಜು ಮಾಡಬೇಕು, ಮೆದುಳು ಆಯ ತಪ್ಪದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಒಂದು ಸೆಕೆಂಡಿನೊಳಗೆ, ಯೋಚನೆಯೇ ಇಲ್ಲದೆ ಆಗಬೇಕು. ಅವಳು ತುಳಿತದಲ್ಲಿ ಹುಡುಕುತ್ತಿದ್ದ ಕಸುವು ಎತ್ತುವುದರಲ್ಲೇ ಇತ್ತು. ಅಯ್ಯೋ, ಆರು ವರ್ಷ ತಪ್ಪು ಜಾಗದಲ್ಲಿ ನೋಡಿದ್ದಳಲ್ಲ!

ಮೆಟ್ಟಿಲ ಸದ್ದಿನಿಂದಲೇ ಬಂದವರು ಯಾರೆಂದು ಮನೆಯವರಿಗೆ ತಿಳಿಯುವ ಹಾಗೆ, ಯಂತ್ರವೂ ನಡಿಗೆಯ ಲಯದಿಂದ ಜನರನ್ನು ಬೇರೆ ಬೇರೆ ಮಾಡಿತ್ತು. ಹೆಸರಿಲ್ಲ, ಬರೀ ಸಂಖ್ಯೆ. ಒಂದನೆಯವರು ನಸುಕಿನಲ್ಲೇ ಬರುವವರು, ಹೆಜ್ಜೆ ನಿಧಾನ. ಅದು ಅವ್ವ. ಹೊಸ್ತಿಲಿನ ಮೇಲೆ ಐದು ಬೆರಳು ಎತ್ತರದಲ್ಲಿ ಅವಳ ಕಾಲು ದಾಟುತ್ತಿತ್ತು. ಸೊಂಟದ ಮೇಲೆ ನೀರಿನ ಕೊಡವಿದ್ದಾಗಲೂ ಐದೇ. ನಲವತ್ತು ದಿನದಲ್ಲಿ ಅದು ಕಾಲು ಬೆರಳಿನಷ್ಟೂ ಹೆಚ್ಚುಕಡಿಮೆಯಾಗಿರಲಿಲ್ಲ. ಪ್ರಣತಿಗೆ ಕುಣಿಯಬೇಕೆನಿಸಿತು. ಎರಡನೆಯವರು ಅವಳೇ, ಮೂರೂವರೆ ಬೆರಳು. ಆ ಸಂಖ್ಯೆಯನ್ನು ಬೇಗ ದಾಟಿಸಿ ಮುಂದೆ ಹೋದಳು.

ಮೂರನೆಯವರ ಗೆರೆ ಬೇರೆ ಥರ ಇತ್ತು. ಮೊದಲ ವಾರ ಎರಡು ಬೆರಳು. ಆಮೇಲೆ ಒಂದೂವರೆ. ಈಗ ಒಂದು, ಕೆಲವು ದಿನ ಅದಕ್ಕೂ ಕಡಿಮೆ. ನಾಲ್ಕು ಸಲ ಸೊನ್ನೆ. ಪಟ್ಟಿಯ ಮೇಲೆ ಬಿದ್ದಿದ್ದ ಆ ನಾಲ್ಕು ತುಳಿತಗಳು ಯಾವ ತಿಳಿಗೇಡಿಯದೂ ಅಲ್ಲ. ದಾಟಲು ಹೋಗಿ ತಾಗಿದ ಕಾಲು ಅದು. ಕೊನೆಯದು ಹೋದ ಸೋಮವಾರ ಮಧ್ಯಾಹ್ನ ಒಂದೂ ಹತ್ತಕ್ಕೆ, ಊಟದ ಗದ್ದಲದಲ್ಲಿ.

ಪ್ರಣತಿ ಎದ್ದು ಒಳಗೆ ಹೋದಳು. ಅವ್ವ ಬದನೆಕಾಯಿ ಸೀಳಿ ಎಣ್ಣೆಗಾಯಿಗೆ ಮಸಾಲೆ ತುಂಬುತ್ತಿದ್ದಳು.

“ಯವ್ವಾ, ಅಪ್ಪ ಈ ಹೊಸ್ತಿಲದಾಗ ಎಡವತಾನೇನ?”

“ಎಡವೂದಾ? ಇಲ್ಲವಾ.” ಅವ್ವ ನಕ್ಕಳು. “ಎಡವೂದಿರ್ಲಿ, ಈಗೀಗ ನಿಮ್ಮಪ್ಪಗ ಭಕ್ತಿ ಬಂದೈತಿ. ನಡನಡುವ ನಿಂತು, ಬಗ್ಗಿ ಹೊಸ್ತಿಲಾ ಮುಟ್ಟಿ ಕಣ್ಣಿಗೊತ್ತಿಗೊಳ್ತಾರ. ಹೋದ ಸ್ವಾಮಾರನೂ ನೋಡಿದೆ, ಕೈಯಾಗ ತಾಟು ಹಿಡಕೊಂಡ ಬಗ್ಗಿದ್ರು. ಶ್ರಾವಣ ಸ್ವಾಮಾರ, ಚೊಲೋ ಆತು ಬಿಡು ಅಂದ್ಕೊಂಡೆ. ಮೊದಲೆಲ್ಲ ದೇವರ ಮನಿಗೂ ಬರ್ತಿದ್ದಿಲ್ಲ.”

ಪ್ರಣತಿ ಅಲ್ಲೇ ನೆಲದ ಮೇಲೆ ಕೂತಳು. ಸೋಮವಾರದ ಆ ಒಂದೂ ಹತ್ತು ಅವಳ ಕಣ್ಣ ಮುಂದೆ ಬಂತು. ಅವ್ವನೊಬ್ಬಳೇ ಏಕೆ, ಊಟಕ್ಕೆ ಬಂದವರೂ ನೋಡಿರಬೇಕು, ಮಾಂತೇಶಣ್ಣ ಎಷ್ಟು ದೈವಭಕ್ತ ಎಂದು ಮೆಚ್ಚಿರಬೇಕು.

ಊಟದ ಹೊತ್ತು ಮುಗಿದು ಪಡಸಾಲೆ ಖಾಲಿಯಾದ ಮೇಲೆ ಅವಳು ಅಪ್ಪನನ್ನು ಕರೆದಳು. “ಅಪ್ಪಾ, ಒಂದು ಆಟ. ನೆಲದ ಮ್ಯಾಲ ಚಕ್ಕಳಬಕ್ಕಳ ಹಾಕ್ಕೊಂಡ ಕುಂಡ್ರು. ಆಮ್ಯಾಲ ಕೈ ಊರದಂಗ ಏಳು.”

“ಇಷ್ಟ ಏನು? ಪಂಕ್ತಿ ಊಟದಾಗ ಉಂಡ ಬೆಳದಾವ ನಾ.” ಮಹಾಂತೇಶ ಕೂತ. ಏಳಲು ಮುಂದಕ್ಕೆ ಬಾಗಿದ. ಏಳಲಾಗಲಿಲ್ಲ. ನಗುತ್ತ ಇನ್ನೊಂದು ಸಲ ನೋಡಿದ. ಮೂರನೆಯ ಸಲ ಅವನು ನಗಲಿಲ್ಲ. ಕೈ ಮೆಲ್ಲಗೆ ಗೋಡೆಯ ಕಡೆಗೆ ಹೋಯಿತು, ಗೋಡೆ ದೂರವಿತ್ತು. ಐಶಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಬಂದು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದಳು, ಬುಟ್ಟಿ ಎತ್ತಿದಷ್ಟು ಸಲೀಸಾಗಿ.

“ಗೊತ್ತಿತ್ತವಾ” ಎಂದ ಅವನು, ಮಗಳ ಮುಖ ನೋಡದೆ. “ವರ್ಷ ಆತು, ಕಾಲು ನನ್ನ ಮಾತ ಕೇಳವಲ್ವು. ಪಾವಟಿಗಿ ಹತ್ತಿದ್ರ ತೊಡಿ ನಡಗತಾವು. ಆದ್ರ ಮುಂಜಾನೆ ನಿಂತರ ಹಸರ ದೀಪ ಹತ್ತತೈತಲ್ಲ? ನನಗೇನೂ ಆಗಿಲ್ಲ, ಎಲ್ಲಾ ನನ್ನ ಭ್ರಮಾ ಅಂದ್ಕೊಂಡೆ.”

“ಮತ್ತ ಹೊಸ್ತಿಲಕ್ಕ ಕೈ ಮುಗಿಯೂದು?” ಐಶಕ್ಕನ ದನಿ ಸಣ್ಣಗಾಗಿತ್ತು.

“ಕಾಲು ತಾಗತಿತ್ತು. ನೀ ದಿನಾ ಪೂಜಾ ಮಾಡೂ ಹೊಸ್ತಿಲಾ. ತಪ್ಪಾತು ಅಂತ ಕೇಳ್ಕೊಂತಿದ್ದೆ.”

ಐಶಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ತಡೆಯಲಾಗಲಿಲ್ಲ. “ಮೂವತ್ತೈದು ವರ್ಷ ಒಂದ ಒಲಿ ಮುಂದ ಅದೀವಿ. ನಿಮ್ಮ ಕಾಲು ಸೋಲೂದು ನನ್ನ ಕಣ್ಣಿಗೆ ಬೀಳಲಿಲ್ಲಲ್ರಿ! ಹುಚ್ಚಿಗತೆ ಭಕ್ತಿ ಅಂತ ಖುಷಿ ಪಟ್ನೆಲ್ಲ!”

ಅವನು ಅವಳ ಬೆನ್ನ ಮೇಲೆ ಕೈಯಿಟ್ಟು, “ಏ, ಸುಮ್ನಿರು, ಮಗಳ ಮುಂದ” ಎಂದ. ಮಗಳೂ ಅಳುತ್ತಿದ್ದಳು.

ಗಣೇಶನ ಹಬ್ಬದ ಮುನ್ನಾದಿನ ಬೆಳಿಗ್ಗೆ ಹತ್ತಕ್ಕೆ ಮಂಡಳಿಯ ತಪಾಸಣಾಧಿಕಾರಿ ತೇಜಸ್ವಿನಿ ಮೇಡಂ ಬಂದರು. ನಲವತ್ತರ ಸುಮಾರಿನ ಹೆಂಗಸು, ಇಸ್ತ್ರಿ ಮಾಡಿದ ಸೀರೆಯ ಹಾಗೆ ತೆಳ್ಳಗೆ, ನೆಟ್ಟಗೆ. ಕೆಟ್ಟವರೇನಲ್ಲ. ಐಶಕ್ಕ ತೂಕದ ಕಲ್ಲಿನ ಮೇಲೆ ನಿಂತು ಕೆಂಪು ದೀಪ ಹತ್ತಿದಾಗ ಅವರೇ ಮುಜುಗರದಿಂದ ಕಣ್ಣು ಬೇರೆ ಕಡೆ ತಿರುಗಿಸಿದರು.

“ನೋಡ್ರೀ ಅಕ್ಕಾರ, ನನ್ನ ಕೈಯೊಳಗ ಏನೂ ಇಲ್ಲ. ಕೋಷ್ಟಕ ಏನ ಹೇಳ್ತದ ಅದನ್ನ ನಾ ಬರೀಬೇಕು.”

“ಕೋಷ್ಟಕ ಸುಳ್ಳು ಹೇಳ್ತೈತಿ ಅಂತ ನಾನೂ ಅನ್ನೂದಿಲ್ರಿ ಮೇಡಂ” ಎಂದಳು ಪ್ರಣತಿ. “ಅದು ಹೇಳೂದು ಸ್ವಲ್ಪ, ನಾವು ಕೇಳಿಸ್ಕೊಂಡಿದ್ದು ಭಾಳ. ಹತ್ತ ನಿಮಿಷ ಕೊಡ್ರಿ.”

ಅವ್ವ ಇಪ್ಪತ್ತು ಲೀಟರಿನ ಕೊಡ ಸೊಂಟಕ್ಕೇರಿಸಿ ಹೊಸ್ತಿಲನ್ನು ಹತ್ತು ಸಲ ದಾಟಿದಳು. ಪರದೆಯ ಮೇಲೆ ಐದು ಬೆರಳು, ಐದು ಬೆರಳು, ಐದು ಬೆರಳು. ನಾಡಿ ಹಿಡಿದು ಎಣಿಸಿದರೆ, ಏರಿದ ಎದೆಬಡಿತ ಒಂದೂವರೆ ನಿಮಿಷದಲ್ಲಿ ತನ್ನ ಜಾಗಕ್ಕೆ ಬಂತು. ಮೇಡಂ ಹುಬ್ಬೇರಿಸಿದರು. ಅದರಲ್ಲಿ ಅನುಮಾನವೂ ಇತ್ತು, ಕುತೂಹಲವೂ ಇತ್ತು. “ನಾನೂ ನೋಡಲೇನ್ರಿ?” ಎಂದು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಅದೇ ಕೊಡಕ್ಕೆ ಕೈ ಹಾಕಿದರು. ಎತ್ತಲಿಕ್ಕೇ ಐಶಕ್ಕನ ಸಹಾಯ ಬೇಕಾಯಿತು. ದಾಟುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಎರಡು ಬೆರಳು. ಸೀರೆ ಅರ್ಧ ನೆನೆಯಿತು.

“ನನಗ ಹಸರ ದೀಪ ಹತ್ತತದಲ್ರೀ” ಎಂದರು ಅವರು, ಏದುಸಿರು ಬಿಡುತ್ತ, ನಂಬಲಾಗದವರಂತೆ.

ಪ್ರಣತಿ ಎಲ್ಲವನ್ನೂ ತೋರಿಸಿದಳು, ಗೆರೆ ಗೆರೆಯಾಗಿ. ಮೇಡಂ ಜಾಣೆ, ಬೇಗ ಹಿಡಿದರು. ಅವರ ಕಣ್ಣಲ್ಲಿ ಹೊಳಪು ಬಂತು. “ಭಾಳ ಛಲೋ ಆತು! ಇದನ್ನ ಮಂಡಳಿಗೆ ನಾನೇ ಒಯ್ತೀನಿ. ತೂಕದ ಕೋಷ್ಟಕ ತಗದು ಇದನ್ನ ಇಡೂಣು. ಮೂರು ಬೆರಳು ಗಡಿ. ಮೂರರ ಮ್ಯಾಲೆ ಇದ್ದವರು ಅರ್ಹರು, ಕೆಳಗ ಇದ್ದವರು ಅನರ್ಹರು. ಅಕ್ಕಾರು ಪಾಸು. ಈಗ ಈ ಖಾನಾವಳಿಯೊಳಗ ಕೆಲಸಾ ಮಾಡೋರೆಲ್ಲರ ದಾಖಲೆ ಕೊಡ್ರಿ, ಇಲ್ಲಿಂದನೇ ಸುರು ಮಾಡೂಣು.”

ಪ್ರಣತಿಯ ಕೈ ಪರದೆಯ ಮೇಲೆ ನಿಂತುಬಿಟ್ಟಿತು. ಒಂದು ಬೆರಳಿನ ಗೆರೆ ಅವಳ ಕಣ್ಣ ಮುಂದೆ ಇತ್ತು. ಅವ್ವನನ್ನು ಉಳಿಸಲು ತಂದ ಯಂತ್ರ ಈಗ ಅಪ್ಪನನ್ನು ಹೊರಗೆ ಹಾಕಲು ಹೊರಟಿತ್ತು. ಒಂದು ಜರಡಿ ಹೋಗಿ ಇನ್ನೊಂದು ಜರಡಿ ಬಂದಿತ್ತು, ಅಷ್ಟೇ. ಕೊಡದಿದ್ದರೆ ಅವ್ವನ ದಾಖಲೆಯನ್ನೂ ಯಾರೂ ಒಪ್ಪುವುದಿಲ್ಲ.

ಅಪ್ಪ ತಾಟುಗಳನ್ನು ಹಿಡಿದು ಹೊಸ್ತಿಲಿನ ಆಚೆ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. “ಕೊಟ್ಟಬಿಡವಾ” ಎಂದ ಮೆಲ್ಲಗೆ. “ನಿಮ್ಮವ್ವ ಒಲಿ ಮುಂದ ಇರ್ಲಿ. ನಾ ಮನ್ಯಾಗ ಕುಂತರ ಏನ ಹೊಕ್ಕೈತಿ?”

“ಏನ ಹೊಕ್ಕೈತಿ?” ಐಶಕ್ಕ ಕೊಡ ಕೆಳಗಿಳಿಸಿದಳು. ನೀರು ತುಳುಕಿತು. “ಇರೂ ಒಂದು ಬೆರಳೂ ಹೊಕ್ಕೈತಿ! ಈ ಹೊಸ್ತಿಲಾ ದಿನಾ ನೂರು ಸಲ ದಾಟತೀರಿ ಅಂತ ಆ ಒಂದು ಬೆರಳರ ಉಳದೈತಿ. ಮನ್ಯಾಗ ಕುಂಡ್ರಿಸಿದ್ರ ನಾಳೆ ಹಾಸಗಿ ಹಿಡೀತೀರಿ.” ಅವಳು ಮೇಡಂ ಕಡೆಗೆ ತಿರುಗಿದಳು.

“ಬಾಯಾರ, ನನಗ ಸಣ್ಣ ಆಗಾಕ ಮೂರು ತಿಂಗಳ ಕೊಟ್ಟಿದ್ರಿ. ಇವ್ರಿಗೆ ಗಟ್ಟಿ ಆಗಾಕ ಮೂರು ತಿಂಗಳ ಕೊಡ್ರಿ. ಕೆಲಸ ಬಿಡಿಸಿ ಅಲ್ಲ, ಕೆಲಸದಾಗ ಇಟ್ಟು. ಇದು ಆಗೂದಿಲ್ಲಂದ್ರ ನನ್ನ ಹೆಸರೂ ಹೊಡದ ಹಾಕ್ರಿ. ಇವ್ರನ್ನ ಹೊರಗ ಹಾಕಿ ನಾ ಒಲಿ ಮುಂದ ಕುಂಡ್ರಾಕಿ ಅಲ್ಲ.”

ಒಳಗೆ ಎಸರು ಕೊತಕೊತ ಕುದಿಯುವುದು ಕೇಳುತ್ತಿತ್ತು. ತೇಜಸ್ವಿನಿ ಮೇಡಂ ತಮ್ಮ ನೆನೆದ ಸೀರೆಯನ್ನು ನೋಡಿಕೊಂಡರು. ಚೌಕಟ್ಟು ಹಿಡಿದಿದ್ದ ಕೈಯನ್ನು ನೋಡಿಕೊಂಡರು. ಅವರ ಗಡಿಯ ಪ್ರಕಾರ ಅವರೂ ಅನರ್ಹರೇ. ಅದು ಅವರಿಗೆ ಹೊಳೆದದ್ದು ಮುಖದಲ್ಲೇ ಕಂಡಿತು.

“ಪ್ರಯೋಗ ಅಂತ ಬರೀತೀನಿ” ಎಂದರು ಕಡೆಗೆ. “ಇಬ್ಬರದೂ. ಮೂರು ತಿಂಗಳ ಆದಮ್ಯಾಲೆ ಬರ್ತೀನಿ.” ಬಾಗಿಲ ತನಕ ಹೋದವರು ತಿರುಗಿ ಬಂದರು. “ಮತ್ತ... ನನಗೂ ಒಂದು ಕೊಡಾ ಎತ್ತೂದು ಹೇಳಿಕೊಡ್ತೀರೇನ್ರೀ, ಅಕ್ಕಾ?”

“ಮೊದಲ ಒಂದು ಬಿಸಿ ರೊಟ್ಟಿ ತಿನ್ರಿ” ಎಂದಳು ಐಶಕ್ಕ.

ಮಹಾಂತೇಶನ ಮೂರು ತಿಂಗಳು ಸುಲಭವಾಗಿರಲಿಲ್ಲ. ಡಾಕ್ಟರನ್ನು ಕೇಳಿ ಸೂಜಿಯನ್ನು ಹಂತಹಂತವಾಗಿ ಕಡಿಮೆ ಮಾಡಿದರು. ಹಸಿವೆ ವಾಪಸು ಬಂದಾಗ ಅವನಿಗೆ ಭಯವೇ ಆಯಿತು, ಮರೆತುಹೋದ ನೆಂಟ ಬಾಗಿಲು ತಟ್ಟಿದ ಹಾಗೆ. ಐಶಕ್ಕ ಮೊಳಕೆ ಕಟ್ಟಿದ ಮಡಿಕೆ ಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು ಇಟ್ಟು ಎದುರಿಗೇ ಕೂತು ಉಣಿಸಿದಳು. ಬೆಳಿಗ್ಗೆ ಮಣೆಯ ಮೇಲೆ ಕೂತು ಏಳುವುದು, ಹತ್ತು ಸಲ. ಆಮೇಲೆ ಅರ್ಧ ಕೊಡ ನೀರು. ಎರಡನೆಯ ತಿಂಗಳು ಹಿಟ್ಟು ನಾದುವ ಕೆಲಸ ಅವನಿಗೆ ಬಂತು. ಎಡವಟ್ಟೂ ಆಯಿತು, ಒಂದು ದಿನ ಕೊಡವನ್ನು ಹೊಸ್ತಿಲ ಮೇಲೇ ಬಿಟ್ಟ, ಕೊಡ ನಗ್ಗಿತು. “ಇನ್ನ ನನ್ನ ಕೈಲೆ ಆಗೂದಿಲ್ಲ” ಎಂದು ಮುಖ ಸಣ್ಣದು ಮಾಡಿ ಕೂತ. ಐಶಕ್ಕ ನಗ್ಗಿದ ಕೊಡವನ್ನೇ ಮತ್ತೆ ತುಂಬಿ ಅವನ ಎದುರಿಗೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದ. ಗೆರೆ ಒಂದೇ ಸಮನೆ ಏರಲಿಲ್ಲ. ನಿಂತಿತು, ಇಳಿಯಿತು, ಮತ್ತೆ ಏರಿತು. ಧಾರವಾಡದಲ್ಲಿ ಕೂತು ಪ್ರಣತಿ ದಿನಾ ಅದನ್ನು ನೋಡುತ್ತಿದ್ದಳು. ಮಗಳಾಗಿ ನೋಡುತ್ತಿದ್ದಳೋ ವಿಜ್ಞಾನಿಯಾಗಿ ನೋಡುತ್ತಿದ್ದಳೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಮೂರು ತಿಂಗಳು ಮುಗಿದು ಕೆಲವು ವಾರದ ಮೇಲೆ, ಎಳ್ಳಮಾವಾಸ್ಯೆಯ ಹಿಂದಿನ ದಿನ ತೇಜಸ್ವಿನಿ ಮೇಡಂ ಬಂದರು; ಪ್ರಣತಿಯೂ ಊರಿಗೆ ಬಂದಿದ್ದಳು. ಇಷ್ಟು ದಿನ ಆ ಕಡೆ ಹೋಗದಿದ್ದ ಮಹಾಂತೇಶ ಮೊದಲು ಹಳೆಯ ಅಭ್ಯಾಸಬಲದಿಂದ ತೂಕದ ಕಲ್ಲಿನ ಮೇಲೆ ನಿಂತ. ಅರವತ್ತಾರು ಕಿಲೋ. ಕೆಂಪು ದೀಪ ಹತ್ತಿತು. ಐದು ವರ್ಷದಲ್ಲಿ ಮೊದಲ ಸಲ. ಅವನು ಬೆಚ್ಚಿ ಹೆಂಡತಿಯ ಮುಖ ನೋಡಿದ.

“ಹೆದರಬ್ಯಾಡ್ರಿ, ಬರ್ರಿ” ಎಂದು ಅವಳು ಅಡುಗೆಮನೆಯಿಂದ ಕೈ ಚಾಚಿದಳು. “ಇಲ್ಲಿ ದಾಟ್ರಿ.”

ಅವನು ಸಜ್ಜಿ ರೊಟ್ಟಿಯ ಬುಟ್ಟಿ ಎತ್ತಿಕೊಂಡು ದಾಟಿದ. ಪ್ರಣತಿಯ ಪರದೆಯ ಮೇಲೆ ಮೂರೂವರೆ ಬೆರಳು ಎಂದು ಬಂತು. ಅವಳಿಗೆ ಕಣ್ಣು ಮಂಜಾಗಿ ಓದಲು ಕಷ್ಟವಾಯಿತು. ದಾಟಿದವನು ಆಚೆ ನಿಂತು, ಬುಟ್ಟಿ ಕೆಳಗಿಟ್ಟು, ಬಗ್ಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಅಯ್ಯ, ತಾಗಿತೇನ್ರಿ?” ಐಶಕ್ಕ ಗಾಬರಿಯಾಗಿ ಕೇಳಿದಳು.

“ಇಲ್ಲಲೇ” ಎಂದ ಅವನು, ಕೈ ಊರದೆ ಎದ್ದು ನಿಂತು. “ಈ ಸಲ ಭಕ್ತಿ.”

ಆಮೇಲೆ ಪಟ್ಟಿ ಬಹಳ ಊರುಗಳಿಗೆ ಹೋಯಿತು. ಅನರ್ಹ ಎಂಬ ಪದವನ್ನು ಮಂಡಳಿ ಕಾಗದದಿಂದ ತೆಗೆಯಲು ಇನ್ನೂ ಎರಡು ವರ್ಷ ಹಿಡಿಯಿತು. ಅದರ ಜಾಗದಲ್ಲಿ ‘ಮೂರು ತಿಂಗಳು’ ಎಂದು ಬಂತು. ಕಾಲು ತಗ್ಗಿದವರಿಗೆ ಕೆಲಸದಲ್ಲಿ ಇದ್ದುಕೊಂಡೇ ಗಟ್ಟಿಯಾಗಲು ಕೊಡುವ ಸಮಯ. ಒಂದು ವಿಷಯದಲ್ಲಿ ಮಾತ್ರ ಪ್ರಣತಿ ಯಾರ ಮಾತನ್ನೂ ಕೇಳಲಿಲ್ಲ. ಹೊಸ್ತಿಲಿನ ದಾಖಲೆ ಮನೆಯವರು ಒಪ್ಪದೆ ಮನೆಯ ಆಚೆ ಹೋಗಕೂಡದು ಎಂದು ಹಟ ಹಿಡಿದು ಹಾಗೆಯೇ ಮಾಡಿಸಿದಳು. ಹೊಸ್ತಿಲು ಇರುವುದು ಒಳಗಿನವರಿಗೆ ಎಂದು ಅವ್ವ ಹೇಳಿದ್ದಳಂತೆ. ಸಪಾಟು ನೆಲದ ಫ್ಲಾಟು ಕಟ್ಟುತ್ತಿದ್ದವರು, ಗಾಲಿ ಕುರ್ಚಿಗೆ ಒಂದು ದಾರಿ ಬಿಟ್ಟು, ಅಡುಗೆಮನೆಯ ಬಾಗಿಲಿಗೆ ಮತ್ತೆ ಮರದ ಹೊಸ್ತಿಲು ಇಡತೊಡಗಿದರು.

ಇದೆಲ್ಲ ೨೦೬೧ರ ಮಾತು. ಆ ಪಟ್ಟಿ ಇನ್ನೂ ಹುಟ್ಟಿಲ್ಲ. ಆದರೆ ಪಟ್ಟಿ ಬರುವ ಮೊದಲೂ ಮಹಾಂತೇಶನ ಹೊಸ್ತಿಲು ಇತ್ತಲ್ಲ, ಹೆಂಡತಿಯ ಕಣ್ಣೂ ಇತ್ತಲ್ಲ. ಪಟ್ಟಿ ಹೇಳಿದ್ದು ಆ ಕಣ್ಣಿಗೆ ಎಂದೋ ಬಿದ್ದಿತ್ತು, ಅದನ್ನು ಭಕ್ತಿ ಎಂದುಕೊಂಡಿತ್ತು ಅಷ್ಟೇ. ನಿಮ್ಮ ಮನೆಯಲ್ಲೂ ಒಂದು ಹೊಸ್ತಿಲೋ ಮೆಟ್ಟಿಲೋ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ನಿಮ್ಮವರು ಯಾರಾದರೂ ಅದನ್ನು ದಾಟುವಾಗ, ದಪ್ಪಗಾದಿರಿ, ಸಣ್ಣಗಾದಿರಿ ಎನ್ನುವ ಮೊದಲು, ಅವರ ಕಾಲಿನ ಕಡೆ ಒಂದು ಸಲ ನೋಡಿ. ಅವರು ನಡುವೆ ನಿಂತು, ಬಗ್ಗಿ, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರೆ, ಹತ್ತಿರ ಹೋಗಿ ಕೇಳಿ.